ಯಾರ ಪಾಪಕ್ಕೆ ಯಾರು ಈಡು?

(ಉಪನ್ಯಾಸವೊಂದರ ಬರಹ ರೂಪ)

ಚನ್ನರಾಯಪಟ್ಟಣದ ಕಡೆಯ ತೆಂಗು ಬೆಳೆಗಾರನಿಗೆ ‘ಈಡು’ ಎಂಬ ಮಾತನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಸಾಲಕ್ಕೆ ತೋಟವನ್ನು ಈಡು ಕೊಡುವುದು ಅವನಿಗೆ ಗೊತ್ತು. ತಮ್ಮ ತೀರಿಸಲಾರದ ಸಾಲಕ್ಕೆ ಅಣ್ಣ ಹೊಣೆ ನಿಂತು, ಕೊನೆಗೆ ಅಣ್ಣನ ಜಮೀನೇ ಕೈಬಿಟ್ಟುಹೋದ ಕಥೆಗಳೂ ಗೊತ್ತು. ಇಂದಿಗೂ ಬಳಕೆಯಲ್ಲಿರುವ ಹಳೆಯ ಕನ್ನಡ ಬೈಬಲಿನಲ್ಲಿ, ಯೇಸು ತನ್ನ ಸಾವಿನ ಉದ್ದೇಶವನ್ನು ಹೇಳುವ ಕಡೆ ಅನುವಾದಕರು ಬಳಸಿರುವುದು ಇದೇ ಮಾತನ್ನು. ಅನೇಕರ ಬಿಡುಗಡೆಗಾಗಿ ಅವನು ತನ್ನ ಪ್ರಾಣವನ್ನು ಈಡಾಗಿ ಕೊಡಲು ಬಂದನೆಂದು ಮಾರ್ಕನ ಸುವಾರ್ತೆ ಹೇಳುತ್ತದೆ.

ಮಾತು ಸರಳವಾಗಿ ತೋರುತ್ತದೆ. ಆದರೆ ಕೊಟ್ಟದ್ದು ಯಾರಿಗೆ? ಸಾಲ ಯಾರದು? ಒಬ್ಬನ ತಪ್ಪಿಗೆ ಇನ್ನೊಬ್ಬ ತೆರುವುದು ನ್ಯಾಯವೇ? ಈ ಮೂರು ಪ್ರಶ್ನೆಗಳ ಮೇಲೆ ಕ್ರೈಸ್ತರು ಹದಿನೆಂಟು ಶತಮಾನಗಳಿಂದ ತಮ್ಮೊಳಗೇ ವಾದಿಸುತ್ತ ಬಂದಿದ್ದಾರೆ. ಯೇಸು ಇತರರಿಗಾಗಿ ಸತ್ತನೆಂಬುದರಲ್ಲಿ ಅವರಿಗೆ ಭೇದವಿಲ್ಲ. ‘ಇತರರಿಗಾಗಿ’ ಎಂದರೆ ಏನು ಎಂಬುದರಲ್ಲೇ ಭೇದ.

ಮೂರನೆಯ ಶತಮಾನದ ಒರಿಗೆನ್ ಮತ್ತು ಆಮೇಲಿನ ಕೆಲವರ ಉತ್ತರ ಸೆರೆಯಾಳಿನ ಬಿಡುಗಡೆಯ ಮಾದರಿಯದು. ಮನುಷ್ಯ ಸೈತಾನನ ಸೆರೆಯಲ್ಲಿದ್ದ. ಯೇಸುವಿನ ಪ್ರಾಣವೇ ಅವನನ್ನು ಬಿಡಿಸಿದ ಹಣ. ದೇವರು ಸೈತಾನನಿಗೆ ಬಾಕಿದಾರನೇ ಎಂದು ನಾಲ್ಕನೆಯ ಶತಮಾನದಲ್ಲೇ ನಾಜಿಯಾನ್ಸಸ್‌ನ ಗ್ರೆಗರಿ ಆಕ್ಷೇಪಿಸಿದ. 1098ರಲ್ಲಿ ತನ್ನ ಗ್ರಂಥ ಮುಗಿಸಿದ ಆನ್ಸೆಲ್ಮ್ ಲೆಕ್ಕವನ್ನೇ ಬದಲಿಸಿದ. ಅವನ ಪ್ರಕಾರ ಪಾಪವೆಂದರೆ ದೇವರಿಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸದೆ ಇರುವುದು. ಆ ಬಾಕಿಯನ್ನು ತೀರಿಸಬೇಕಾದವನು ಮನುಷ್ಯ, ತೀರಿಸಬಲ್ಲವನು ದೇವರು. ಆದ್ದರಿಂದ ದೇವರೇ ಮನುಷ್ಯನಾಗಬೇಕಾಯಿತು. ಪಾಳೆಯಗಾರಿಕೆಯ ಕಾಲದ ಯೂರೋಪಿಗೆ ಒಡೆಯನ ಮಾನದ ಭಾಷೆ ಸುಲಭವಾಗಿ ಅರ್ಥವಾಯಿತು. ಆನ್ಸೆಲ್ಮನ ಅನಂತರದ ತಲೆಮಾರಿನ ಅಬೆಲಾರ್ಡ್ ಇದನ್ನು ಒಪ್ಪಲಿಲ್ಲ. ನಿರಪರಾಧಿಯ ರಕ್ತ ಕಂಡು ದೇವರು ಸಮಾಧಾನಗೊಂಡನೆನ್ನುವುದು ಕ್ರೌರ್ಯವೆಂದು ಅವನಿಗೆ ಅನ್ನಿಸಿತು. ಶಿಲುಬೆ ತೋರಿಸುವುದು ಪ್ರೀತಿಯನ್ನು. ಅದನ್ನು ಕಂಡು ಮನುಷ್ಯನ ಮನಸ್ಸು ತಿರುಗುತ್ತದೆ ಎಂದ.

ಹದಿನಾರನೆಯ ಶತಮಾನದಲ್ಲಿ ಲೂಥರ್ ಮತ್ತು ಕ್ಯಾಲ್ವಿನ್ ಸಾಲದ ಭಾಷೆಯ ಜೊತೆಗೆ ನ್ಯಾಯಾಲಯದ ಭಾಷೆಯನ್ನು ಮುಂದೆ ತಂದರು. ಅಪರಾಧಿಗೆ ಬೀಳಬೇಕಾದ ಶಿಕ್ಷೆಯನ್ನು ಯೇಸು ತಾನೇ ಅನುಭವಿಸಿದ ಎಂಬುದು ಅವರ ಬೋಧೆ. ಇದಕ್ಕೆ ಅತಿ ತೀಕ್ಷ್ಣವಾದ ಪ್ರಶ್ನೆ ಹಾಕಿದವನು ಇಟಲಿಯ ಫೌಸ್ಟೊ ಸೊಜ್ಜಿನಿ. 1594ರಲ್ಲಿ ಅಚ್ಚಾದ ಅವನ ಪುಸ್ತಕದ ತರ್ಕ ಯಾವ ಸಾಲಗಾರನಿಗೂ ಅರ್ಥವಾಗುವಂಥದು. ಬಾಕಿ ಪೂರ್ತಿ ಸಂದಾಯವಾಗಿದ್ದರೆ ಅದು ಕ್ಷಮೆ ಹೇಗಾದೀತು? ಕ್ಷಮಿಸಿದ್ದೇ ಆದರೆ ಸಂದಾಯ ಯಾಕೆ ಬೇಕು? ದಂಡದ ಹಣವನ್ನು ಬೇರೆಯವರು ಕಟ್ಟಬಹುದು, ಆದರೆ ಮರಣದಂಡನೆಯನ್ನು ಬೇರೆಯವರು ಅನುಭವಿಸಿದರೆ ಯಾವ ನ್ಯಾಯಾಧೀಶ ಒಪ್ಪುತ್ತಾನೆ?

ಈ ವಾದ ದೂರದ ಯೂರೋಪಿನಲ್ಲೇ ಉಳಿಯಲಿಲ್ಲ. ಹಾಸನ ಜಿಲ್ಲೆಗೆ ಅದು ಎರಡು ದಾರಿಗಳಲ್ಲಿ ಬಂತು. ಮೊದಲನೆಯದು ಕಥೋಲಿಕ ಪಾದ್ರಿಗಳದು. ಎರಡನೆಯದು ವೆಸ್ಲಿಯನ್ ಮಿಷನ್ನಿನದು. ಹಾಸನದ ರೆಡ್‌ಫರ್ನ್ ಆಸ್ಪತ್ರೆ ಅದರದೇ ಕೊಡುಗೆ. ಕಥೋಲಿಕರು ತಮ್ಮ ಪೂಜೆಯನ್ನು ‘ಬಲಿಪೂಜೆ’ ಎನ್ನುತ್ತಾರೆ. ಶಿಲುಬೆಯ ಬಲಿಯೇ ಪೀಠದ ಮೇಲೆ ರಕ್ತವಿಲ್ಲದೆ ಅರ್ಪಿತವಾಗುತ್ತದೆಂಬುದು 1562ರಲ್ಲಿ ಟ್ರೆಂಟ್ ಮಹಾಸಭೆ ದೃಢಪಡಿಸಿದ ಬೋಧೆ. ಬಲಿ ಒಮ್ಮೆ ನಡೆದುಹೋಗಿದೆ, ಉಳಿದಿರುವುದು ನೆನಪು ಮತ್ತು ಸಹಭೋಜನ ಎಂಬ ಒತ್ತಿನಿಂದ ಪ್ರೊಟೆಸ್ಟೆಂಟರು ‘ಕರ್ತನ ಭೋಜನ’ ಎನ್ನುತ್ತಾರೆ. ಯೇಸು ಸತ್ತದ್ದು ದೇವರು ಆಯ್ದುಕೊಂಡ ಕೆಲವರಿಗಾಗಿಯೇ ಎಂಬ ಇನ್ನೊಂದು ಜಗಳವೂ ಇತ್ತು. 1618–19ರಲ್ಲಿ ಹಾಲೆಂಡಿನ ಡಾರ್ಟ್ ಸಭೆ ಆಯ್ದವರ ಪರವಾಗಿ ನಿಂತಿತು. ಆಮೇಲಿನ ಶತಮಾನದ ಜಾನ್ ವೆಸ್ಲಿ ಅದನ್ನು ಖಂಡಿಸಿ ಎಲ್ಲರಿಗಾಗಿ ಎಂದ. ಹಾಸನಕ್ಕೆ ಬಂದದ್ದು ‘ಎಲ್ಲರಿಗಾಗಿ’ ಎನ್ನುವ ಆ ಪಂಥ.

ಇಲ್ಲಿ ಅವರಿಗೆ ಎದುರಾದದ್ದು ಬರಿಯ ನೆಲವಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ, ಕರ್ಮವನ್ನು ಅವರವರೇ ಸವೆಸಬೇಕೆಂಬ ಧರ್ಮ ಅದಕ್ಕೆ ಸಾವಿರ ವರ್ಷಕ್ಕೂ ಹಿಂದೆಯೇ ನೆಲೆ ನಿಂತಿತ್ತು. ಸಲ್ಲೇಖನ ವ್ರತ ಹಿಡಿದು ದೇಹ ಬಿಟ್ಟವರ ಶಾಸನಗಳು ಚಿಕ್ಕಬೆಟ್ಟದ ಬಂಡೆಗಳ ಮೇಲಿವೆ. ಅಲ್ಲಿ ಒಬ್ಬರ ಬದಲಿಗೆ ಇನ್ನೊಬ್ಬರು ತಪಸ್ಸು ಮಾಡುವಂತಿಲ್ಲ. ಹೊಳೆನರಸೀಪುರದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯದಿಂದ ಸಚ್ಚಿದಾನಂದೇಂದ್ರ ಸರಸ್ವತಿ ಸ್ವಾಮಿಗಳು ಕನ್ನಡಿಗರಿಗೆ ತಿಳಿಸಿಕೊಟ್ಟ ಅದ್ವೈತದಲ್ಲಿ ಬಂಧನಕ್ಕೆ ಕಾರಣ ಅಜ್ಞಾನ, ಬಿಡುಗಡೆ ಜ್ಞಾನದಿಂದ. ತಂದೆಯ ಸಾಲವನ್ನು ಮಕ್ಕಳು ತೀರಿಸಬಹುದು, ಬಂಧನವನ್ನು ಮಾತ್ರ ತಾನಲ್ಲದೆ ಬೇರೆ ಯಾರೂ ಬಿಡಿಸಲಾರರು ಎಂಬ ಭಾವ ಶಂಕರರ ಹೆಸರಿನಲ್ಲಿ ಪ್ರಚಲಿತವಾಗಿರುವ ‘ವಿವೇಕಚೂಡಾಮಣಿ’ಯಲ್ಲಿದೆ. ಸೊಜ್ಜಿನಿಯ ಆಕ್ಷೇಪಕ್ಕೂ ಇದಕ್ಕೂ ಎಷ್ಟು ಹತ್ತಿರ!

ಹಾಗೆಂದು ಬದಲಿ ಎಂಬ ಕಲ್ಪನೆ ಈ ಜನಕ್ಕೆ ಹೊಸದೂ ಅಲ್ಲ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಗೆ ಇಳಿಯುವವರಲ್ಲಿ ದೋಷ ಕಳೆಯಲೆಂದು ಬಂದವರಿರುತ್ತಾರೆ. ಮನೆಯವರ ಹರಕೆಯನ್ನು ತಾವು ತೀರಿಸುವವರೂ ಇರುತ್ತಾರೆ. ಆಯುಧಪೂಜೆಯ ದಿನ ಕುಂಕುಮ ತುಂಬಿ ಒಡೆಯುವ ಬೂದುಗುಂಬಳ ಬಲಿಯ ಬದಲಿಯೇ. ಆದರೆ ಬಲಿಯ ಭಾಷೆ ಎಲ್ಲರ ಕಿವಿಗೂ ಒಂದೇ ತೆರನಾಗಿ ಕೇಳುವುದಿಲ್ಲ. ಮೈಸೂರು ಸೀಮೆಯಲ್ಲಿ ಬಹುಕಾಲ ಇದ್ದ ಫ್ರೆಂಚ್ ಪಾದ್ರಿ ಅಬ್ಬೆ ದುಬ್ವಾ 1823ರಲ್ಲಿ ಪ್ರಕಟಿಸಿದ ಪತ್ರಗಳಲ್ಲಿ ಇದನ್ನೇ ಎತ್ತಿದ. ಕರು ಕೊಯ್ದು ಹಬ್ಬ ಮಾಡುವ, ಎತ್ತುಗಳನ್ನು ಬಲಿಕೊಡುವ ಬೈಬಲಿನ ಪ್ರಸಂಗಗಳನ್ನು ಹಾಗೆಯೇ ಅನುವಾದಿಸಿದರೆ ಹಿಂದೂ ಓದುಗ ಹೇಸಿ ಪುಸ್ತಕ ಮುಚ್ಚಿಡುತ್ತಾನೆ ಎಂದು ಎಚ್ಚರಿಸಿದ.

ಇನ್ನೂ ಆಳವಾದ ಅಳುಕು ಕನ್ನಡದ್ದೇ ಆದ ‘ಕೆರೆಗೆ ಹಾರ’ದಲ್ಲಿದೆ. ಕೆರೆಗೆ ನೀರು ಬರಲೆಂದು ಹಿರಿಯರು ಕಿರಿಯ ಸೊಸೆ ಭಾಗೀರಥಿಯನ್ನು ಗೊತ್ತುಮಾಡುತ್ತಾರೆ. ಊರಿಗೆ ನೀರು ಬಂತು ನಿಜ. ಆದರೆ ಗೊತ್ತುಮಾಡಿದವರು ಯಾರು, ಹಾರವಾದವಳು ಯಾರು? ಕ್ರೈಸ್ತರೊಳಗೂ ಈಚಿನ ದಶಕಗಳಲ್ಲಿ ಇದೇ ಪ್ರಶ್ನೆ ಎದ್ದಿದೆ. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಮಾಡಿದ ಭಾಷಣದಿಂದ ದಲಿತ ದೇವತಾಶಾಸ್ತ್ರ ಬೆಳೆಯಿತು. ನೊಂದ ಯೇಸುವನ್ನು ಅದು ನೊಂದವರ ನಡುವೆಯೇ ಕಾಣುತ್ತದೆ. ತಲೆತಲಾಂತರದಿಂದ ಬೇರೆಯವರ ಸುಖಕ್ಕೆ ಈಡಾಗುತ್ತ ಬಂದವರಿಗೆ ‘ಬಲಿಯಾಗುವುದೇ ಪುಣ್ಯ’ ಎಂದು ಬೋಧಿಸಿದರೆ ಅದು ಸುವಾರ್ತೆಯಾದೀತೇ?

ಈಡಿನ ಬೋಧೆಯನ್ನು ಸಮರ್ಥಿಸುವವರ ಬಳಿ ಇದಕ್ಕೆ ಗಟ್ಟಿಯಾದ ಉತ್ತರವೊಂದಿದೆ. ಮನ್ನಾ ಮಾಡಿದ ಸಾಲ ಗಾಳಿಯಲ್ಲಿ ಕರಗಿಹೋಗುವುದಿಲ್ಲ. ಆ ನಷ್ಟ ಮನ್ನಾ ಮಾಡಿದವನ ಗಂಟಿನಿಂದಲೇ ಹೋಗುತ್ತದೆ. ಶಿಲುಬೆಯಲ್ಲಿ ದೇವರು ಮೂರನೆಯವನೊಬ್ಬನನ್ನು ಹಿಡಿದು ದಂಡಿಸಲಿಲ್ಲ, ಕ್ಷಮೆಯ ನಷ್ಟವನ್ನು ತಾನೇ ಹೊತ್ತ ಎನ್ನುತ್ತಾರೆ ಅವರು. ಸೊಜ್ಜಿನಿ ಬೇರೆಬೇರೆಯಾಗಿ ಕಂಡ ಕ್ಷಮೆ ಮತ್ತು ಸಂದಾಯ ಇಲ್ಲಿ ಒಂದಾಗುತ್ತವೆ. ಈ ಉತ್ತರ ನಿಲ್ಲುವುದು ಎರಡು ಷರತ್ತುಗಳ ಮೇಲೆ: ತೆತ್ತವನೇ ಕ್ಷಮಿಸಿದವನಾಗಿರಬೇಕು, ತಾನಾಗಿ ತೆತ್ತಿರಬೇಕು. ಎರಡರಲ್ಲಿ ಒಂದು ತಪ್ಪಿದರೂ ಅದು ಭಾಗೀರಥಿಯ ಕಥೆಯಾಗುತ್ತದೆ.

ಹಾಸನ ತಾಲ್ಲೂಕಿನ ಶೆಟ್ಟಿಹಳ್ಳಿಯಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಚರ್ಚಿನ ಪಾಳುಗೋಡೆಗಳನ್ನು ಹಲವರು ನೋಡಿರಬಹುದು. ಗೊರೂರಿನಲ್ಲಿ 1979ರಲ್ಲಿ ಪೂರ್ಣಗೊಂಡ ಹೇಮಾವತಿ ಅಣೆಕಟ್ಟಿನ ಹಿನ್ನೀರು ಊರನ್ನು ಆವರಿಸಿತು, ಜನ ಬೇರೆಡೆಗೆ ಹೋದರು. ಅದೇ ನೀರು ನಾಲೆಗಳಲ್ಲಿ ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ಹೊಲಗಳಿಗೆ ಹರಿಯುತ್ತಿದೆ. ಮಳೆಗಾಲದಲ್ಲಿ ಮುಳುಗುವ ಚರ್ಚು ಬೇಸಿಗೆಯಲ್ಲಿ ನೀರು ಇಳಿದಾಗ ಮತ್ತೆ ಕಾಣಿಸಿಕೊಳ್ಳುತ್ತದೆ. ಶುಭ ಶುಕ್ರವಾರ ಬರುವುದೂ ಮಾರ್ಚ್–ಏಪ್ರಿಲ್‌ನಲ್ಲೇ. ತಾನಾಗಿ ಕೊಟ್ಟದ್ದು ಯಾವುದು, ಕಿತ್ತುಕೊಂಡದ್ದು ಯಾವುದು ಎಂಬ ಹಳೆಯ ಪ್ರಶ್ನೆಯನ್ನು ಆ ದಿನ ಅಲ್ಲಿ ನಿಂತು ಕೇಳಿಕೊಳ್ಳಲು ಕ್ರೈಸ್ತರೇ ಆಗಿರಬೇಕಾಗಿಲ್ಲ. ನಾಲೆಯ ನೀರಿನಲ್ಲಿ ಬೆಳೆದ ಅನ್ನ ಉಂಡವರಾಗಿದ್ದರೆ ಸಾಕು.