ಹಳೆಯ ಗಾಡಿಗೆ ದೊಡ್ಡ ಎಂಜಿನ್
(ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)

1996ರಲ್ಲಿ ತಯಾರಿಕೆ ನಿಂತ ಯಮಹಾ ಆರ್.ಎಕ್ಸ್. 100 ಗಾಡಿಗೆ 135ರ ಎಂಜಿನ್ ಕೂರಿಸಿ ಕೆಸರುಹಾದಿಯಲ್ಲಿ ಓಡಿಸುವ ಹುಚ್ಚು ನಮಗೂ ಹಿಡಿದಿತ್ತು. 98 ಸಿ.ಸಿ. ಹೋಗಿ 132 ಆಯಿತು. ಚೌಕಟ್ಟಿನಲ್ಲಿ ಸಲೀಸಾಗಿಯೇ ಕೂತಿತು. ಕಾಸು ಉಳಿಸಲೆಂದು ಕಾರ್ಬ್ಯುರೇಟರನ್ನೂ ಅದರ ಜೆಟ್ಟನ್ನೂ ಹಳೆಯವೇ ಇಟ್ಟೆವು, ತಪ್ಪಾದದ್ದು ಅಲ್ಲೇ. ಪೆಟ್ರೋಲು ಸಾಲದೆ ಗಾಳಿ ಹೆಚ್ಚಾದರೆ ಕಾವೇರಿ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ನಮ್ಮದೂ ಕಚ್ಚಿತು. ಹಿಂಚಕ್ರ ಬಿಗಿದು ಗೆಳೆಯನ ಮೊಣಕೈ ಮುರಿಯಿತು. ತಿಂಗಳ ಸಂಬಳವೂ ಹೋಯಿತು. ತಕ್ಷಣ ಕ್ಲಚ್ ಹಿಡಿದಿದ್ದರೆ ಚಕ್ರ ಬಿಡುತ್ತಿತ್ತು, ಆದರೆ ಆ ಗಳಿಗೆಯಲ್ಲಿ ಯಾರಿಗೆ ಹೊಳೆದೀತು!

ರಸ್ತೆಗಿಳಿಸುವವರು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮನ್ನು ಓದಿಕೊಳ್ಳಿ. ಹೊಸ ಎಂಜಿನ್ ನಂಬರು ಆರ್.ಸಿ. ಪುಸ್ತಕಕ್ಕೆ ಏರಬೇಕು.

ಆ ಪಿಸ್ಟನ್ ಇಗೋ ಮೇಜಿನ ಮೇಲಿದೆ. ಗೀರುಗಳನ್ನು ಬೆರಳಿಟ್ಟು ನೋಡಿ.