ಕಾಲ ಕೆಳಗಿನ ವಿಜ್ಞಾನ



ಮುಂದೆ ಓದುವ ಮೊದಲು ಒಂದು ಚಿಕ್ಕ ಪ್ರಯೋಗ ಮಾಡಿ. ಒಂದು ನಾಣ್ಯದ ಅಂಚಿನಿಂದ ನಿಮ್ಮ ಮನೆಯ ಟೈಲ್ಸ್ ನೆಲವನ್ನು ಅಲ್ಲಲ್ಲಿ ಮೆಲ್ಲಗೆ ತಟ್ಟಿ, ಕಿವಿಗೊಟ್ಟು ಕೇಳಿ. ಹೆಚ್ಚಿನ ಕಡೆ ಗಟ್ಟಿಯಾದ ‘ಟಕ್’ ಎಂಬ ಸದ್ದು ಬರುತ್ತದೆ. ಒಂದೆರಡು ಕಡೆ ಮಾತ್ರ ಖಾಲಿ ಡಬ್ಬ ತಟ್ಟಿದಂತೆ ಟೊಳ್ಳು ಸದ್ದು ಬರಬಹುದು. ಎರಡೂ ಕಡೆ ಮೇಲಿರುವುದು ಒಂದೇ ಬಗೆಯ ಟೈಲು. ಟೊಳ್ಳು ಸದ್ದು ಬಂದ ಕಡೆ ಅದು ಕೆಳಗಿನ ಪದರಕ್ಕೆ ಪೂರ್ತಿ ಅಂಟಿಲ್ಲ, ನಡುವೆ ಗಾಳಿ ಉಳಿದಿದೆ. ಅಂಗಡಿಯಲ್ಲಿ ನಾವು ಟೈಲಿನ ಬಣ್ಣ, ಹೊಳಪು ನೋಡಿ ಆರಿಸುತ್ತೇವೆ. ಆದರೆ ನೆಲದ ಬಾಳಿಕೆ ತೀರ್ಮಾನವಾಗುವುದು ನಮ್ಮ ಕಣ್ಣಿಗೆ ಬೀಳದ ಕಡೆ. ಇಂದಿನ ಮಾತು ಅದನ್ನು ಕುರಿತದ್ದು.

ಬೆಂಗಳೂರಿನ ರಾಜಾಜಿನಗರವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಕಾರ್ಖಾನೆಗಳ ಜೊತೆಜೊತೆಗೆ ಬೆಳೆದ ಬಡಾವಣೆ ಇದು. ಗವರ್ನರ್ ಜನರಲ್ ಆಗಿದ್ದ ಚಕ್ರವರ್ತಿ ರಾಜಗೋಪಾಲಾಚಾರಿಯವರ ಹೆಸರನ್ನು ಹೊತ್ತಿದೆ. ಇಲ್ಲಿ ಇನ್ನೂ ಉಳಿದಿರುವ ಹಳೆಯ ಮನೆಗಳಲ್ಲಿ ಕೆಂಪಗೆ ಹೊಳೆಯುವ ರೆಡ್ ಆಕ್ಸೈಡ್ ನೆಲವನ್ನು ಕಾಣಬಹುದು. ಆಮೇಲಿನ ಮನೆಗಳಲ್ಲಿ ಮೊಸಾಯಿಕ್, ಅಡುಗೆಮನೆಯಲ್ಲಿ ಕಡಪ ಕಲ್ಲು, ಹಿತ್ತಲಲ್ಲಿ ಶಹಾಬಾದ್ ಕಲ್ಲು. ಹಳೆಯ ಮನೆ ಕೆಡವಿ ಕಟ್ಟಿದ ಅಪಾರ್ಟ್‌ಮೆಂಟಿನಲ್ಲಿ ವಿಟ್ರಿಫೈಡ್ ಟೈಲ್ಸ್. ಒಂದೇ ಅಡ್ಡರಸ್ತೆಯಲ್ಲಿ ನಡೆದರೆ ನೆಲಗಳ ಇತಿಹಾಸವೇ ಕಾಣಸಿಗುತ್ತದೆ.

ರೆಡ್ ಆಕ್ಸೈಡ್ ಎಂದರೆ ಕಬ್ಬಿಣದ ಆಕ್ಸೈಡ್. ತುಕ್ಕಿನ ಕೆಂಪಿಗೂ ನಮ್ಮ ಕೆಮ್ಮಣ್ಣಿನ ಬಣ್ಣಕ್ಕೂ ಕಾರಣ ಕಬ್ಬಿಣದ ಆಕ್ಸೈಡುಗಳೇ. ಅದು ಆಗಲೇ ಆಮ್ಲಜನಕದೊಂದಿಗೆ ಸೇರಿಹೋಗಿರುವುದರಿಂದ ಬಿಸಿಲಿಗೆ ಸುಲಭವಾಗಿ ಬಣ್ಣಗೆಡುವುದಿಲ್ಲ. ಮೇಸ್ತ್ರಿ ಅದನ್ನು ಸಿಮೆಂಟಿನ ಜೊತೆ ಬೆರೆಸಿ, ಕರಣೆಯಿಂದ ಉಜ್ಜಿ ಉಜ್ಜಿ ನಯಗೊಳಿಸುತ್ತಿದ್ದ. ಮೊಸಾಯಿಕ್ ನೆಲದಲ್ಲಿ ಅಮೃತಶಿಲೆಯ ಚೂರುಗಳನ್ನು ಸಿಮೆಂಟಿನಲ್ಲಿ ಕೂರಿಸಿ, ಗಟ್ಟಿಯಾದ ಮೇಲೆ ಕಾರ್ಬೊರಂಡಮ್ ಕಲ್ಲಿನಿಂದ ಅರೆಯುತ್ತಿದ್ದರು. ಇವೆರಡರಲ್ಲೂ ಕುಶಲತೆ ಎದ್ದು ಕಾಣುವುದು ಮೇಲ್ಮೈಯಲ್ಲಿ.

ವಿಟ್ರಿಫೈಡ್ ಟೈಲಿನಲ್ಲಿ ಮೇಲ್ಮೈ ಕಾರ್ಖಾನೆಯಲ್ಲೇ ಸಿದ್ಧವಾಗಿ ಬರುತ್ತದೆ. ಜೇಡಿಮಣ್ಣು, ಫೆಲ್ಡ್‌ಸ್ಪಾರ್, ಬೆಣಚುಕಲ್ಲಿನ ಪುಡಿಯನ್ನು ಒತ್ತಿ, ಸುಮಾರು 1200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಡುತ್ತಾರೆ. ಫೆಲ್ಡ್‌ಸ್ಪಾರ್ ಕರಗಿ ಗಾಜಿನಂತಾಗಿ ಒಳಗಿನ ಸೂಕ್ಷ್ಮ ರಂಧ್ರಗಳನ್ನು ತುಂಬಿಬಿಡುತ್ತದೆ. ಹಾಗಾಗಿ ಈ ಟೈಲು ಹೀರುವ ನೀರು ಅದರ ತೂಕದ ಶೇಕಡಾ 0.5ಕ್ಕಿಂತ ಹೆಚ್ಚಿರುವುದಿಲ್ಲ. ಗೋಡೆಗೆ ಹಾಕುವ ಸಾಮಾನ್ಯ ಸೆರಾಮಿಕ್ ಟೈಲು ಶೇಕಡಾ 10ಕ್ಕಿಂತ ಹೆಚ್ಚು ಹೀರುತ್ತದೆ. ಎರಡರ ಒಡಕು ಚೂರುಗಳು ಸಿಕ್ಕಿದರೆ ಬೆನ್ನಿನ ಮೇಲೆ ಒಂದೊಂದು ಹನಿ ನೀರು ಬಿಟ್ಟು ನೋಡಿ. ಒಂದು ಕುಡಿಯುತ್ತದೆ, ಇನ್ನೊಂದರ ಮೇಲೆ ಹನಿ ಹಾಗೆಯೇ ನಿಲ್ಲುತ್ತದೆ.

ಈ ಪುಟ್ಟ ವ್ಯತ್ಯಾಸವೇ ಕೆಲಸದ ವಿಧಾನವನ್ನು ಬದಲಿಸುತ್ತದೆ. ಸಿಮೆಂಟಿನ ತಿಳಿಗಾರೆ ರಂಧ್ರಗಳೊಳಗೆ ಇಳಿದು, ಅಲ್ಲೇ ಹರಳುಗಟ್ಟಿ ಟೈಲನ್ನು ಹಿಡಿಯುತ್ತದೆ. ಹೀರುವ ಟೈಲನ್ನು ಒಣಗಿದ ಹಾಗೆಯೇ ಹಾಕಿದರೆ ಸಿಮೆಂಟು ಗಟ್ಟಿಯಾಗಲು ಬೇಕಾದ ನೀರನ್ನೇ ಅದು ಕುಡಿದುಬಿಡುತ್ತದೆ. ಅದಕ್ಕಾಗಿ ಅದನ್ನು ಮೊದಲು ನೀರಿನಲ್ಲಿ ನೆನೆಸಿಡುವುದು ರೂಢಿ. ವಿಟ್ರಿಫೈಡ್ ಟೈಲನ್ನು ನೆನೆಸಿ ಪ್ರಯೋಜನವಿಲ್ಲ. ಅದರಲ್ಲಿ ಸಿಮೆಂಟಿಗೆ ಹಿಡಿದುಕೊಳ್ಳಲು ರಂಧ್ರವೇ ಇಲ್ಲವಲ್ಲ! ಆದ್ದರಿಂದ ಪಾಲಿಮರ್ ಬೆರೆಸಿದ ಅಂಟುಗಾರೆ ಬೇಕಾಗುತ್ತದೆ. ಇಂಥ ಅಂಟಿಗೆ ಭಾರತೀಯ ಮಾನಕ ಬ್ಯೂರೋ ಐಎಸ್ 15477 ಎಂಬ ಮಾನಕವನ್ನೇ ರೂಪಿಸಿದೆ. ಹೊಸ ಟೈಲಿಗೆ ಹಳೆಯ ಪದ್ಧತಿ ಬಳಸಿದಾಗ ಟೊಳ್ಳು ಸದ್ದು ಬರುವುದು ಸಹಜ.

ಇನ್ನು ಕೆಲಸದ ಕ್ರಮ ನೋಡೋಣ. ಮೊದಲನೆಯದು ಮಟ್ಟ. ನೀರು ತುಂಬಿದ ಉದ್ದನೆಯ ಪಾರದರ್ಶಕ ಕೊಳವೆಯ ಎರಡು ತುದಿಗಳನ್ನು ಎರಡು ಗೋಡೆಗಳಿಗೆ ಹಿಡಿದು ಮೇಸ್ತ್ರಿ ಗುರುತು ಹಾಕುತ್ತಾನೆ. ದ್ರವ ತನ್ನ ಮಟ್ಟವನ್ನು ತಾನೇ ಕಂಡುಕೊಳ್ಳುತ್ತದೆ ಎಂದು ನೀವು ಓದಿದ ಪಾಠ ಇದೇ. ಮೂಲೆ ನೇರವಾಗಿದೆಯೇ ಎಂದು ನೋಡಲು ಒಂದು ಗೋಡೆಯಲ್ಲಿ 3 ಅಡಿ, ಇನ್ನೊಂದರಲ್ಲಿ 4 ಅಡಿ ಅಳೆದು, ಕರ್ಣ 5 ಅಡಿ ಬರುತ್ತದೆಯೇ ಎಂದು ಪರೀಕ್ಷಿಸುತ್ತಾನೆ. ಶಾಲೆಯ ಮೆಟ್ಟಿಲು ಹತ್ತದ ಮೇಸ್ತ್ರಿಯೂ ಪೈಥಾಗರಸನ ಪ್ರಮೇಯವನ್ನು ದಿನಾ ಬಳಸುತ್ತಾನೆ.

ಎರಡನೆಯದು ಅಂಟಿಸುವ ಬಗೆ. ಹಲ್ಲುಗಳಿರುವ ಕರಣೆಯಿಂದ ಅಂಟುಗಾರೆಯನ್ನು ಬಾಚಿದಂತೆ ಒಂದೇ ದಿಕ್ಕಿಗೆ ನೇರ ಗೆರೆಗಳಾಗಿ ಎಳೆಯಬೇಕು. ಟೈಲನ್ನು ಒತ್ತಿದಾಗ ಗೆರೆಗಳ ನಡುವಿನ ಗಾಳಿ ಹೊರಹೋಗಲು ದಾರಿ ಇರುತ್ತದೆ. ಸುತ್ತು ಸುತ್ತಾಗಿ ಎಳೆದರೆ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ. ಒಳ್ಳೆಯ ಕೆಲಸಗಾರ ನಡುನಡುವೆ ಆಗಷ್ಟೇ ಹಾಕಿದ ಟೈಲೊಂದನ್ನು ಕಿತ್ತು, ಬೆನ್ನಿಗೆ ಎಲ್ಲೆಡೆ ಅಂಟು ಹತ್ತಿದೆಯೇ ಎಂದು ನೋಡುತ್ತಾನೆ.

ಮೂರನೆಯದು ಸಂದು. ಸಂದೇ ಕಾಣದಂತೆ ಹಾಕಿ ಎಂದು ಅನೇಕ ಮನೆಯವರು ಒತ್ತಾಯಿಸುತ್ತಾರೆ. ಒಂದು ಲೆಕ್ಕ ಮಾಡಿ. ಒಂದು ಮೀಟರ್ ಉದ್ದದ ಟೈಲು ಪ್ರತಿ ಡಿಗ್ರಿಗೆ ಸುಮಾರು 0.007 ಮಿಲಿಮೀಟರ್ ಹಿಗ್ಗುತ್ತದೆ. 10 ಮೀಟರ್ ಉದ್ದದ ತಾರಸಿ ಬಿಸಿಲಿಗೆ 30 ಡಿಗ್ರಿ ಹೆಚ್ಚು ಕಾದರೆ ಹಿಗ್ಗುವುದು 2 ಮಿಲಿಮೀಟರಿಗಿಂತ ತುಸು ಹೆಚ್ಚು. ಹಿಗ್ಗಲು ಜಾಗವಿಲ್ಲದ ಟೈಲುಗಳು ಒಂದನ್ನೊಂದು ತಳ್ಳಿ, ಒಂದು ದಿನ ಡೇರೆಯಂತೆ ಮೇಲೇಳುತ್ತವೆ. ಆದ್ದರಿಂದ ಟೈಲುಗಳ ನಡುವೆ ಸಂದು ಬಿಡಬೇಕು. ಗೋಡೆಯಂಚಿನಲ್ಲೂ ಬಿಟ್ಟು ಸ್ಕರ್ಟಿಂಗಿನಿಂದ ಮರೆಮಾಡಬೇಕು.

ಬಚ್ಚಲುಮನೆಯಲ್ಲಿ ಮಟ್ಟದ ಬದಲು ‘ವಾಟ’ ಬೇಕು. ನೀರು ಹರಿದುಹೋಗಲು ಕೊಡುವ ಇಳಿಜಾರಿಗೆ ಮೇಸ್ತ್ರಿಗಳು ಹೇಳುವ ಮಾತು ಇದು. ಒಂದು ಮೀಟರಿಗೆ ಸುಮಾರು 10ರಿಂದ 15 ಮಿಲಿಮೀಟರ್ ಇದ್ದರೆ ಸಾಕು. ಇನ್ನು, ಹಳೆಯ ಮನೆಗಳಲ್ಲಿ ರೆಡ್ ಆಕ್ಸೈಡ್ ನೆಲದ ಮೇಲೆಯೇ ಹೊಸ ಟೈಲ್ಸ್ ಹಾಕಿಸುವವರಿದ್ದಾರೆ. ಹಲವು ವರ್ಷ ಮೇಣ ತಿಕ್ಕಿ ಹೊಳಪು ಕೊಟ್ಟ ಆ ನೆಲಕ್ಕೆ ಯಾವ ಅಂಟೂ ಸರಿಯಾಗಿ ಹಿಡಿಯದು. ಮೇಣ ತೆಗೆದು, ನೆಲವನ್ನು ಒರಟು ಮಾಡಿದ ಮೇಲೆಯೇ ಕೆಲಸ ಆರಂಭಿಸಬೇಕು.

ಈಗ ಎಲ್ಲಕ್ಕಿಂತ ಮುಖ್ಯವಾದ ಸಂಗತಿಗೆ ಬರುತ್ತೇನೆ. ಟೈಲ್ಸ್ ಕತ್ತರಿಸುವಾಗ ಬೆಳ್ಳಗೆ ಏಳುವ ಧೂಳನ್ನು ನೀವೂ ನೋಡಿರಬಹುದು. ಅದರಲ್ಲಿ ಸಿಲಿಕಾ ಹರಳುಗಳಿರುತ್ತವೆ. ಕಣ್ಣಿಗೆ ಕಾಣುವ ಧೂಳಿಗಿಂತ ಕಾಣದ ಧೂಳು ಅಪಾಯಕಾರಿ. ಕೂದಲಿನ ದಪ್ಪದ ಹತ್ತನೆಯ ಒಂದು ಭಾಗಕ್ಕಿಂತ ಸಣ್ಣ ಕಣಗಳು ಶ್ವಾಸಕೋಶದ ತಳಕ್ಕೆ ಇಳಿಯುತ್ತವೆ. ಅವನ್ನು ನುಂಗಿದ ರಕ್ಷಕ ಕೋಶಗಳೇ ಸಾಯುತ್ತವೆ. ಆ ಜಾಗ ಗಾಯದ ಕಲೆಯಂತೆ ಗಡುಸಾಗುತ್ತದೆ. ಇದು ಸಿಲಿಕೋಸಿಸ್. ಇದನ್ನು ತಡೆಯಬಹುದು, ಗುಣಪಡಿಸಲಾಗದು. ಸಿಲಿಕಾ ಹರಳಿನ ಧೂಳು ಕ್ಯಾನ್ಸರ್‌ಕಾರಕ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲಿ ಘೋಷಿಸಿತು. ಸಿಲಿಕಾ ಇನ್ನೂ ಹೆಚ್ಚಿರುವ, ಅಡುಗೆಮನೆ ಕಟ್ಟೆಗೆ ಬಳಸುವ ಕೃತಕ ಕಲ್ಲನ್ನು ಆಸ್ಟ್ರೇಲಿಯಾ 2024ರ ಜುಲೈ 1ರಿಂದ ನಿಷೇಧಿಸಿತು. ಅಲ್ಲಿ ಅದನ್ನು ಕತ್ತರಿಸುತ್ತಿದ್ದ ಯುವಕರೇ ಈ ಕಾಯಿಲೆಗೆ ತುತ್ತಾಗಿದ್ದರು.

ನಮ್ಮಲ್ಲಿ ಮೂಗಿಗೆ ಕರ್ಚೀಫು ಕಟ್ಟಿಕೊಂಡು ಟೈಲು ಕತ್ತರಿಸುವ ಹುಡುಗನೂ ನಿಮ್ಮ ವಯಸ್ಸಿನ ಆಸುಪಾಸಿನವನೇ. ಇಷ್ಟು ಸಣ್ಣ ಕಣಗಳನ್ನು ಕರ್ಚೀಫು ತಡೆಯದು. ತಡೆಯುವುದು ನೀರು. ಕತ್ತರಿಸುವ ಚಕ್ರಕ್ಕೆ ನೀರು ಹನಿಯುತ್ತಿದ್ದರೆ ಧೂಳಿನ ಬಹುಭಾಗ ಕೆಸರಾಗಿ ಕೆಳಗೆ ಬೀಳುತ್ತದೆ. ಜೊತೆಗೆ ಮುಖಕ್ಕೆ ಬಿಗಿಯಾಗಿ ಕೂರುವ ಎನ್ 95 ದರ್ಜೆಯ ಮಾಸ್ಕ್ ಬೇಕು. ನೇರ ಕತ್ತರಿಕೆಗೆ ಗೀರಿ ಮುರಿಯುವ ಕೈಯಂತ್ರ ಸಾಕು, ಅದರಿಂದ ಏಳುವ ಧೂಳು ತೀರಾ ಕಡಿಮೆ. ಇವು ಯಾವುವೂ ಇಡೀ ನೆಲದ ಖರ್ಚಿನ ಮುಂದೆ ದೊಡ್ಡದಲ್ಲ. ಅಡ್ಡಿಯಾಗುವುದು ಹೆಚ್ಚಾಗಿ ಅವಸರ. ಗೃಹಪ್ರವೇಶದ ದಿನ ಗೊತ್ತಾಗಿರುತ್ತದೆ, ‘ಬೇಗ ಮುಗಿಸಪ್ಪ’ ಎನ್ನುತ್ತೇವೆ. ಅದೇ ಅವಸರದಲ್ಲಿ ಟೈಲಿನ ಕೆಳಗೆ ಗಾಳಿ ಉಳಿಯುತ್ತದೆ, ಕೆಲಸಗಾರನ ಎದೆಯೊಳಗೆ ಧೂಳು ಇಳಿಯುತ್ತದೆ.

ಟೈಲ್ಸ್ ಹಾಕುವುದು ಕೀಳು ಕೆಲಸ ಎಂದು ಯಾರೂ ತಿಳಿಯಬೇಕಿಲ್ಲ. ಜಗತ್ತಿನ ಯುವಜನರು ಸ್ಪರ್ಧಿಸುವ ವರ್ಲ್ಡ್‌ಸ್ಕಿಲ್ಸ್ ಸ್ಪರ್ಧೆಯಲ್ಲಿ ಗೋಡೆ ಮತ್ತು ನೆಲಕ್ಕೆ ಟೈಲ್ಸ್ ಹಾಕುವುದೇ ಒಂದು ವಿಭಾಗ. ನಿಮ್ಮಲ್ಲಿ ಕೆಲವರು ಇದನ್ನೇ ವೃತ್ತಿಯಾಗಿ ಆರಿಸಿಕೊಂಡರೆ ರಸಾಯನಶಾಸ್ತ್ರವೂ ರೇಖಾಗಣಿತವೂ ನಿಮ್ಮ ಕೈಯ ಉಪಕರಣಗಳಾಗುತ್ತವೆ. ಉಳಿದವರು ಒಂದಲ್ಲ ಒಂದು ದಿನ ಮನೆ ಕಟ್ಟಿಸುತ್ತೀರಿ. ಆಗ ಟೈಲಿನ ಬೆಲೆ ಕೇಳುವ ಜೊತೆಗೆ, ‘ಮೇಸ್ತ್ರಿಗಳೇ, ನೀರು ಹಾಕಿಕೊಂಡು ಕತ್ತರಿಸುತ್ತೀರಲ್ಲವೇ?’ ಎಂದೂ ಕೇಳಿ. ಅದಕ್ಕೆ ಎರಡು ದಿನ ಹೆಚ್ಚು ಬೇಕಾದರೆ ಕೊಡಿ.