ಬೀದಿಯ ಆಟ, ಓಡುವವನ ಉಸಿರು

(ಪಕ್ಷದ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣ)



ಗಿರಣಿಯ ಪಾಳಿ ಮುಗಿಸಿ, ಅಂಗಡಿಯ ಬಾಗಿಲು ಎಳೆದು ಬಂದಿರುವ ನಿಮ್ಮೆದುರು ಆಟದ ಮಾತು ಎತ್ತಿದರೆ, ಸಮಾಜವಾದಿಗಳಿಗೆ ಬೇರೆ ಕೆಲಸವಿಲ್ಲವೇ ಎಂದು ಕೇಳುವವರಿರಬಹುದು. ಕೂಲಿ, ಬೋನಸ್ಸು, ಬೆಲೆ ಏರಿಕೆಗಳ ಮಾತನ್ನು ನಾವು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಆದರೆ ಇವತ್ತಿನ ಆಟ ನಡೆಯುವುದು ಬೀದಿಯಲ್ಲಿ. ಬೀದಿ ಯಾರದು ಎಂಬ ಪ್ರಶ್ನೆ ತಳ್ಳುಗಾಡಿಯವನಿಗೂ ಗೊತ್ತು, ಮೆರವಣಿಗೆಯಲ್ಲಿ ಲಾಠಿ ತಿಂದವನಿಗೂ ಗೊತ್ತು.

ಇಂಗ್ಲೆಂಡಿನ ಷೆಫೀಲ್ಡ್ ಎಂಬ ಹೆಸರನ್ನು ನಮ್ಮ ಹಿರಿಯರು ಚಾಕು, ಕತ್ತರಿ, ಕ್ಷೌರದ ಕತ್ತಿಗಳ ಮೇಲೆ ಓದಿದ್ದರು. ಅದು ಉಕ್ಕಿನ ಊರು. 1980ರ ಉಕ್ಕು ಕಾರ್ಮಿಕರ ಮುಷ್ಕರವನ್ನು ಕಂಡ ಊರು. ಆ ದಶಕದಲ್ಲೇ ಸಾವಿರಾರು ಮಂದಿ ಕೆಲಸ ಕಳೆದುಕೊಂಡ ಊರು. 2001ರಲ್ಲಿ ಅದರ ಬೀದಿಗಳಲ್ಲಿ ಬ್ಲಾಸ್ಟ್ ಥಿಯರಿ ಎಂಬ ಕಲಾವಿದರ ತಂಡ ಒಂದು ಆಟ ಹೂಡಿತು. ತಂಡ ಹುಟ್ಟಿದ್ದು 1991ರಲ್ಲಿ. ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯದ ತಂತ್ರಜ್ಞರು ಅವರ ಜೊತೆಗಿದ್ದರು. ಆಟದ ಹೆಸರು ‘ಕ್ಯಾನ್ ಯೂ ಸೀ ಮಿ ನೌ’, ಅಂದರೆ ‘ಈಗ ನಾನು ಕಾಣುತ್ತಿದ್ದೇನೆಯೇ?’

ನಮ್ಮ ಮಕ್ಕಳು ಆಡುವ ಓಡಿ ಹಿಡಿಯುವ ಆಟವೇ ಅದು. ತಪ್ಪಿಸಿಕೊಳ್ಳುವವರು ಮಾತ್ರ ಯಾವುದೋ ದೇಶದಲ್ಲಿ ಕಂಪ್ಯೂಟರಿನ ಮುಂದೆ ಕುಳಿತು, ಊರಿನ ನಕ್ಷೆಯ ಮೇಲೆ ತಮ್ಮ ಬೊಂಬೆಯನ್ನು ನಡೆಸುವವರು. ಹಿಡಿಯುವವರು ತಂಡದ ಕಲಾವಿದರು. ಅವರು ನಿಜವಾದ ಬೀದಿಯಲ್ಲಿ ನಿಜವಾಗಿಯೇ ಓಡಬೇಕು. ಕೈಯಲ್ಲಿ ಪುಟ್ಟ ಕಂಪ್ಯೂಟರು, ಉಪಗ್ರಹದಿಂದ ಜಾಗ ತಿಳಿಸುವ ಜಿಪಿಎಸ್, ಮಾತಾಡಲು ವಾಕಿಟಾಕಿ. ಬೊಂಬೆ ಇರುವ ಜಾಗಕ್ಕೆ ಐದು ಮೀಟರು ಹತ್ತಿರ ಬಂದರೆ ಆಟಗಾರ ಸಿಕ್ಕಿಬಿದ್ದಂತೆ. ಆಗ ಓಟಗಾರ ಆ ಜಾಗದ ಚಿತ್ರ ತೆಗೆಯುತ್ತಾನೆ. ಚಿತ್ರದಲ್ಲಿ ಸಿಕ್ಕಿಬಿದ್ದವನಿಲ್ಲ, ಬರಿಯ ಬೀದಿ.

ಈ ಜಿಪಿಎಸ್ ಅಮೆರಿಕದ ಸೈನ್ಯ ಕಟ್ಟಿದ್ದು. 2000ದ ಮೇ ತಿಂಗಳವರೆಗೆ ಜನಸಾಮಾನ್ಯರಿಗೆ ಸಿಗುವ ಸಂಕೇತವನ್ನು ಬೇಕೆಂದೇ ಕೆಡಿಸಿ, ನೂರು ಮೀಟರಿನಷ್ಟು ತಪ್ಪು ಬರುವಂತೆ ಇಟ್ಟಿದ್ದರು. ಆ ನಿರ್ಬಂಧ ಹೋದ ಮರುವರ್ಷವೇ ಕಲಾವಿದರು ಯುದ್ಧದ ಸಲಕರಣೆಯನ್ನು ಆಟಕ್ಕೆ ಹಚ್ಚಿದರು. ಇದು ನಮಗೆ ಹಿಡಿಸಿದ ಸಂಗತಿ. ಆದರೂ ಎತ್ತರದ ಕಟ್ಟಡಗಳ ಸಂದಿಯಲ್ಲಿ ಸಂಕೇತ ಸರಿಯಾಗಿ ಸಿಗುತ್ತಿರಲಿಲ್ಲ. ಎಲ್ಲಿ ಸಿಗುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದನ್ನು ಓಟಗಾರರು ಕಾಲಿನಿಂದಲೇ ಕಲಿತು, ಒಳ್ಳೆಯ ಜಾಗ ನೋಡಿ ಹೊಂಚುಹಾಕುತ್ತಿದ್ದರು. ಮಗ್ಗದ ಚಾಳಿ ಅದನ್ನು ಓಡಿಸುವವನಿಗೆ ತಿಳಿದಷ್ಟು ಎಂಜಿನಿಯರಿಗೆ ತಿಳಿಯುವುದುಂಟೇ!

ಈ ಆಟದ ಜೀವ ಇದ್ದದ್ದು ವಾಕಿಟಾಕಿಯಲ್ಲಿ. ಓಟಗಾರರು ತಮ್ಮತಮ್ಮಲ್ಲಿ ಆಡಿಕೊಳ್ಳುವ ಮಾತು ದೂರದಲ್ಲಿ ಕುಳಿತವರಿಗೂ ಕೇಳುತ್ತಿತ್ತು. ಏದುಸಿರು, ಏರು ಹತ್ತುವ ಬಳಲಿಕೆ, ಪಕ್ಕದಲ್ಲಿ ಹಾದುಹೋಗುವ ವಾಹನದ ಸದ್ದು, ಎಲ್ಲವೂ. ಅಮೆರಿಕದ ಸಿಯಾಟಲ್‌ನಿಂದ ಆಡಿದ ಒಬ್ಬರು ಬರೆದುಕೊಂಡ ಅನುಭವ ದಾಖಲೆಯಲ್ಲಿದೆ. ಲಾರಿಯೊಂದು ಹಿಂದಕ್ಕೆ ಬರುವ ಸದ್ದು ಕೇಳಿ, ಬೆನ್ನಟ್ಟುತ್ತಿದ್ದ ಓಟಗಾರನಿಗೆ ಏನಾಯಿತೋ ಎಂದು ಅವರ ಎದೆ ಧಸಕ್ಕೆಂದಿತಂತೆ. ತಪ್ಪಿಸಿಕೊಳ್ಳುವ ಯೋಚನೆ ಹೋಗಿ, ಆತ ಬದುಕಿರಲಿ ಎಂಬ ಯೋಚನೆ ಬಂತಂತೆ. ಯಂತ್ರ ಮನುಷ್ಯನನ್ನು ಮನುಷ್ಯನಿಂದ ದೂರ ಮಾಡುತ್ತದೆ ಎಂದು ನಾವು ಅನೇಕ ಬಾರಿ ಹೇಳಿದ್ದೇವೆ. ಇಲ್ಲಿ ಅದೇ ಯಂತ್ರ ಸಾವಿರಾರು ಮೈಲಿ ಆಚೆಯ ಅಪರಿಚಿತನ ಉಸಿರನ್ನು ಕಿವಿಗೆ ತಂದು ಮುಟ್ಟಿಸಿತು.

2003ರಲ್ಲಿ ಇದೇ ತಂಡ ಲಂಡನ್ನಿನಲ್ಲಿ ‘ಅಂಕಲ್ ರಾಯ್ ಆಲ್ ಅರೌಂಡ್ ಯೂ’ ಎಂಬ ಇನ್ನೊಂದು ಆಟ ನಡೆಸಿತು. ಆಡಲು ಬಂದವರು ಚೀಲ, ಹಣ, ಫೋನುಗಳನ್ನು ಒಪ್ಪಿಸಿ, ಬರಿಗೈಲಿ ಬೀದಿಗಿಳಿದು, ಒಂದು ಗಂಟೆಯೊಳಗೆ ರಾಯ್ ಮಾಮನನ್ನು ಹುಡುಕಬೇಕು. ಕಂಪ್ಯೂಟರಿನ ಮುಂದೆ ಕುಳಿತವರು ದಾರಿ ಹೇಳಬಹುದು, ದಾರಿ ತಪ್ಪಿಸಲೂಬಹುದು. ಕೊನೆಗೆ ಎರಡೂ ಕಡೆಯವರಿಗೆ ಒಂದೇ ಪ್ರಶ್ನೆ: ಯಾರೋ ಅಪರಿಚಿತರಿಗೆ ಕಷ್ಟ ಬಂದರೆ, ಒಂದು ವರ್ಷದವರೆಗೆ ನೀವು ಒದಗುತ್ತೀರಾ? ಒಪ್ಪಿದವರನ್ನು ಜೋಡಿ ಮಾಡುತ್ತಿದ್ದರು. ನಗರದ ಓದಿದವರ ವಿನೋದವಿದು ಎಂದು ಮೂಗು ಮುರಿಯಬಹುದು. ಆದರೆ ಸಂಘದ ಚಂದಾ ರಸೀದಿ ಹರಿಯುವಾಗ ನಾವು ಕೇಳುವುದೂ ಹೆಚ್ಚುಕಡಿಮೆ ಇದನ್ನೇ ಅಲ್ಲವೇ?

ಇನ್ನು ಬಂಡವಾಳದವರು ಇದೇ ಉಪಾಯದಿಂದ ಏನು ಮಾಡಿದರೆಂಬುದನ್ನು ನೋಡೋಣ. 2016ರ ಜುಲೈಯಲ್ಲಿ ನಿಯಾಂಟಿಕ್ ಎಂಬ ಅಮೆರಿಕನ್ ಕಂಪನಿ ‘ಪೋಕೆಮಾನ್ ಗೋ’ ತಂದಿತು. ಫೋನು ಹಿಡಿದು ಬೀದಿ ಸುತ್ತಿ, ಇಲ್ಲದ ಪ್ರಾಣಿಗಳನ್ನು ಹಿಡಿಯುವ ಆಟ. ಯಾವ ಮೂಲೆಯಲ್ಲಿ ಏನು ಸಿಗಬೇಕೆಂಬುದು ಕಂಪನಿಯ ಕೈಯಲ್ಲಿ. ಜಪಾನಿನಲ್ಲಿ ಮ್ಯಾಕ್‌ಡೊನಾಲ್ಡ್ಸ್‌ನ ಸುಮಾರು 3,000 ಹೋಟೆಲುಗಳು ಆಟದ ಕಟ್ಟೆಗಳಾದವು. ಅದೇ ಡಿಸೆಂಬರಿನಲ್ಲಿ ಆಟ ಭಾರತಕ್ಕೆ ಬಂದಾಗ ಜೊತೆಗೆ ಕೈಜೋಡಿಸಿದ್ದು ರಿಲಯನ್ಸ್ ಜಿಯೋ. ರಿಲಯನ್ಸ್ ಡಿಜಿಟಲ್ ಅಂಗಡಿಗಳೇ ಆಟದ ತಾಣಗಳು. ಕಿರಾಣಿ ಅಂಗಡಿಯ ಮಿತ್ರರು ಇದನ್ನು ಗಮನಿಸಬೇಕು. ಗಿರಾಕಿಯ ಹೆಜ್ಜೆ ಯಾವ ಬಾಗಿಲ ಕಡೆ ತಿರುಗಬೇಕೆಂಬುದೇ ಮಾರಾಟದ ಸರಕಾಯಿತು.

ಅಷ್ಟಕ್ಕೇ ಮುಗಿಯಲಿಲ್ಲ. ಆಟಗಾರರು ನಡೆದಾಡುತ್ತ ಫೋನಿನಲ್ಲಿ ತೆಗೆದು ಕಳಿಸಿದ ಸ್ಥಳಗಳ ಚಿತ್ರಗಳಿಂದ ಭೂಮಿಯ ನಕ್ಷೆಯ ಹೊಸ ಯಂತ್ರಬುದ್ಧಿಯನ್ನು ಕಟ್ಟುತ್ತಿರುವುದಾಗಿ ಕಂಪನಿ 2024ರ ನವೆಂಬರಿನಲ್ಲಿ ಪ್ರಕಟಿಸಿತು. 2025ರಲ್ಲಿ ಆಟದ ವ್ಯಾಪಾರವನ್ನು 350 ಕೋಟಿ ಡಾಲರಿಗೆ ಸೌದಿ ಸರ್ಕಾರದ ನಿಧಿಗೆ ಸೇರಿದ ಸ್ಕೋಪ್ಲಿ ಎಂಬ ಕಂಪನಿಗೆ ಮಾರಿ, ನಕ್ಷೆಯ ಕೆಲಸವನ್ನು ಬೇರೆ ಕಂಪನಿಯಾಗಿ ಉಳಿಸಿಕೊಂಡರು. ನಡೆದವರು ಲಕ್ಷಾಂತರ ಮಂದಿ. ಆ ಹಣದಲ್ಲಿ ಅವರ ಪಾಲು ಸೊನ್ನೆ. ಗಿರಣಿಯಲ್ಲಿ ನೂಲು ಯಾರದು, ಬಟ್ಟೆ ಯಾರದು ಎಂದು ಕೇಳುವವರಿಗೆ ಈ ಲೆಕ್ಕ ಹೊಸದಲ್ಲ.

ನಮ್ಮ ಊರಿನಲ್ಲೂ ನಕ್ಷೆಯ ಮೇಲೆ ಚುಕ್ಕೆಯಾಗಿ ಓಡುವವರಿದ್ದಾರೆ. ಊಟದ ಪೊಟ್ಟಣ ಹೊತ್ತು ಬೈಕಿನಲ್ಲಿ ಬರುವ ಹುಡುಗರು. ಮನೆಯಲ್ಲಿ ಕುಳಿತವನಿಗೆ ಚುಕ್ಕೆ ಕಾಣುತ್ತದೆ, ಉಸಿರು ಕೇಳುವುದಿಲ್ಲ. ಷೆಫೀಲ್ಡಿನವರು ಕೇಳಿಸಿದ್ದನ್ನು ಈ ವ್ಯಾಪಾರ ಮುಚ್ಚಿಟ್ಟಿದೆ.

ಅವರಿಗಾಗಿ ಕರ್ನಾಟಕದಲ್ಲಿ 2025ರಲ್ಲಿ ಗಿಗ್ ಕಾರ್ಮಿಕರ ಕಾಯಿದೆ ಬಂದಿದೆ. ಪ್ರತಿ ಕೆಲಸಕ್ಕೆ ಕಾರ್ಮಿಕನಿಗೆ ಕೊಡುವ ಹಣದ ಮೇಲೆ ಶೇಕಡಾ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿ ಕಟ್ಟಬೇಕು. ಯಂತ್ರ ಯಾವ ಲೆಕ್ಕದಲ್ಲಿ ಕೆಲಸ ಹಂಚುತ್ತದೆ, ಹೇಗೆ ಕಾವಲು ಕಾಯುತ್ತದೆ ಎಂಬುದನ್ನು ಕಾರ್ಮಿಕನಿಗೆ ತಿಳಿಸಬೇಕೆಂಬ ಕಲಮೂ ಇದೆ. ಆ ಕಲಮನ್ನು ತಿಳಿಗನ್ನಡದಲ್ಲಿ ಕರಪತ್ರವಾಗಿ ಅಚ್ಚು ಹಾಕಿಸಿ, ಹೋಟೆಲುಗಳ ಮುಂದೆ ಆರ್ಡರಿಗೆ ಕಾಯುತ್ತ ನಿಂತಿರುವ ಹುಡುಗರ ಕೈಗೆ ಕೊಡಬೇಕೆಂದಿದ್ದೇವೆ. ಸಂಜೆ ಏಳರಿಂದ ಹತ್ತರವರೆಗೆ ಬರಬಲ್ಲವರು ಈಗಲೇ ಹೆಸರು ಬರೆಸಿ.